ಸ್ಟೂಲು ಹಿಡಿದಿದ್ದವಳು

ಉಳ್ಳೂರ್, ತಿರುವನಂತಪುರ
೨೨ ಡಿಸೆಂಬರ್ ೨೦೦೬

ಪ್ರೀತಿಯ ಮಂದಾಕಿನಿ ಅಕ್ಕನಿಗೆ,

ಕುಸುಮಾವತಿಯ ನಮಸ್ಕಾರ. ಇವರೂ ಮಗಳು ಗ್ರೀಷ್ಮಾಳೂ ಕ್ಷೇಮ. ನನ್ನ ಕ್ಷೇಮ ಎಂಥದ್ದು ಎಂದು ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ದಿನಕ್ಕೆರಡು ಸಲ ಫೋನಿನಲ್ಲಿ ಹರಟುವವಳು ಇದ್ದಕ್ಕಿದ್ದಂತೆ ಕಾಗದ ಬರೆದಳಲ್ಲ ಎಂದು ನಿಮಗೆ ಗಾಬರಿಯಾಗಿರಬಹುದು. ನೀವು ಕೊಚ್ಚಿಗೆ, ಕಲೂರಿನ ಮನೆಗೆ ವಾಪಸಾದ ಮೇಲೆ ಈ ಮಾತು ಹೇಳಲೆಂದೇ ಮೂರು ಸಲ ಫೋನು ಮಾಡಿದೆ. ನಿಮ್ಮ ಹಲೋ ಕೇಳಿದ ಕೂಡಲೇ ತಿಂಡಿ ಆಯಿತಾ ಎಂದು ಕೇಳಿಬಿಟ್ಟೆ. ಮೂರು ದಿನವೂ ನಿಮ್ಮ ಮನೆಯಲ್ಲಿ ಉಪ್ಪಿಟ್ಟು ಎಂದು ತಿಳಿಯಿತೇ ಹೊರತು ನನ್ನ ಬಾಯಿಂದ ಏನೂ ಹೊರಡಲಿಲ್ಲ. ಕಾಗದಕ್ಕಾದರೆ ಮುಖ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಸಿನಿಮಾದ ವಿಷಯ. ಚಿತ್ರೋತ್ಸವಕ್ಕೆ ನಿಮ್ಮನ್ನು ಕೊಚ್ಚಿಯಿಂದ ಎಳೆದು ತಂದವಳು ನಾನು. ಭಾವ ಇದ್ದಾಗ, ನೀವು ನಮ್ಮ ಮಹಡಿಯ ಮನೆಯಲ್ಲಿದ್ದ ಕಾಲದಲ್ಲಿ, ಪ್ರತಿ ಡಿಸೆಂಬರಿನಲ್ಲಿ ಪಾಸು ಕೊರಳಿಗೆ ಹಾಕಿಕೊಂಡು ನಾವು ನಾಲ್ವರೂ ಸರತಿಯಲ್ಲಿ ನಿಲ್ಲುತ್ತಿದ್ದೆವು. ಅವರು ಹೋದ ಮೇಲೆ ನೀವು ಚಿತ್ರಮಂದಿರದ ಕಡೆ ತಲೆ ಹಾಕಿರಲಿಲ್ಲ. ಅಕ್ಕನನ್ನು ಒಂದು ಸಲ ನಗಿಸಬೇಕು ಎಂದು ನಾನು ಉತ್ಸವದ ಪುಸ್ತಕ ಹಿಡಿದು ಒಂದೊಂದೇ ಚಿತ್ರ ಓದುತ್ತಾ ಹೋದೆ. ಕೊರಿಯಾದ ಚಿತ್ರವೊಂದಕ್ಕೆ, ಫೋಟೋ ಸ್ಟುಡಿಯೋ ನಡೆಸುವ ಕುಟುಂಬವೊಂದರ ಹಾಸ್ಯ ಕಥೆ, ಅಜ್ಜಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಎಲ್ಲರೂ ಸೇರುತ್ತಾರೆ, ಎಂದು ಬರೆದಿದ್ದರು. ಎಷ್ಟು ಚೆನ್ನಾಗಿದೆ ಎಂದು ಪೆನ್ನಿನಲ್ಲಿ ಗುರುತು ಹಾಕಿದೆ. ಸೇರಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ ಎಂದು ಬರೆಯಲು ಆ ಮಹಾನುಭಾವರಿಗೆ ಜಾಗ ಸಾಲಲಿಲ್ಲವೋ ಏನೋ.

ನೀವು ಕೂರುವ ಮುಂಚೆ ಚಿತ್ರಮಂದಿರದ ಸೀಟನ್ನು ಹಿಡಿದು ಅಲ್ಲಾಡಿಸಿ ನೋಡಿದಿರಿ. ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕೆಂದರು. ಸಿಂಚನಾ ಮೊದಲೇ ಹೇಳಿದ್ದಳು, ಮನೆಗೆ ಯಾರು ಬಂದರೂ ಅಮ್ಮ ಕುರ್ಚಿಯ ಕಾಲು ಪರೀಕ್ಷೆ ಮಾಡದೆ ಕೂಡಾಕ ಬಿಡೂದಿಲ್ಲ ಆಂಟಿ, ಮದುವೆ ಮಾತಿಗೆ ಕೌಶಿಕ್‌ನ ಅಪ್ಪ ಅಮ್ಮ ಬಂದಾಗ ಅವರು ಐದು ನಿಮಿಷ ನಿಂತೇ ಇದ್ದರು ಅಂತ. ಹೇಳುವಾಗ ನಗುತ್ತಿದ್ದಳು, ಆಮೇಲೆ ಅತ್ತಳು. ನೀವು ಯಾಕೆ ಕಾಲು ಅಲ್ಲಾಡಿಸುತ್ತೀರಿ ಎಂದು ಪ್ರಪಂಚದಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸಿನಿಮಾ ಶುರುವಾದ ಮೇಲೆ ಏಳಲಾಗಲಿಲ್ಲ, ಮೆಟ್ಟಿಲ ಮೇಲೂ ಜನ ಕೂತಿದ್ದರು. ಚಿಕ್ಕಪ್ಪ ಸೋಪಿನ ಮೇಲೆ ಕಾಲಿಟ್ಟು ಹೋದ. ಅತ್ತೆಯ ಗಂಟಲಿಗೆ ಅಕ್ಕಿಯ ಕಡುಬು ಸಿಕ್ಕಿತು. ಅಜ್ಜಿಗೆ ಗೊತ್ತಾದರೆ ಹುಟ್ಟುಹಬ್ಬ ಕೆಡುತ್ತದೆ ಎಂದು ಹೆಣಗಳಿಗೆ ಕನ್ನಡಕ ಹಾಕಿ, ತಲೆ ಬಾಚಿ, ಫೋಟೋಗೆ ಕೂರಿಸುತ್ತಾ ಹೋದರು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಿಜ ಹೇಳುತ್ತೇನೆ ಅಕ್ಕ, ನಾನೂ ನಕ್ಕೆ. ನೀವೂ ಒಂದು ಸಲ ತುಟಿಯಂಚಿನಲ್ಲಿ ನಕ್ಕದ್ದನ್ನು ಕದ್ದು ನೋಡಿ ನನಗೆ ಖುಷಿಯಾಗಿತ್ತು.

ಆಮೇಲೆ ಆ ಏಣಿ ಬಂತು. ಅಳಿಯ ಪರದೆ ಸರಿಮಾಡಲು ಹತ್ತಿದ. ನಾದಿನಿ ಕೆಳಗೆ ಏಣಿ ಹಿಡಿದಿದ್ದಳು. ಅವಳಿಗೆ ಸೀನು ಬಂತು, ಎರಡೂ ಕೈ ಮೂಗಿಗೆ ಹೋಯಿತು, ಏಣಿ ಜಾರಿತು. ಇಡೀ ಚಿತ್ರಮಂದಿರ ಘೊಳ್ಳೆಂದಿತು. ಎಲ್ಲರಿಗಿಂತ ಮೊದಲು ನಕ್ಕವಳು ನಾನು. ನಕ್ಕ ಮೇಲೆ ತಿಳಿಯಿತು ನಾನು ಯಾವುದಕ್ಕೆ ನಗುತ್ತಿದ್ದೇನೆ ಎಂದು. ಅಷ್ಟರಲ್ಲಿ ಪೊಲೀಸು ಬಂದು ಆ ನಾದಿನಿಯನ್ನು ನೀನೆಲ್ಲಿದ್ದೆ ಎಂದು ಕೇಳಿದ. ಅವಳು ಮುಖ ಗಂಭೀರ ಮಾಡಿ, ನಾನು ಅಡುಗೆಮನೆಯಲ್ಲಿದ್ದೆ ಎಂದಳು. ಜನ ಇನ್ನೂ ಜೋರಾಗಿ ನಕ್ಕರು. ನೀವು ಪರದೆ ಬಿಟ್ಟು ನನ್ನ ಕಡೆ ತಿರುಗಿದಿರಿ. ನನ್ನ ಎರಡೂ ಕೈ ಇನ್ನೂ ಬಾಯಿಯ ಮೇಲೇ ಇತ್ತು. ನೀವು ನೋಡಿದ್ದು ನನ್ನ ಮುಖವನ್ನಲ್ಲ, ಕೈಯನ್ನು.

ಹೊರಗೆ ನಿಂಬೆ ಶರಬತ್ತಿನ ಅಂಗಡಿಯ ಮುಂದೆ ನಿಂತಾಗ ನೀವು ಮೆಲ್ಲಗೆ ಕೇಳಿದಿರಿ, ಕುಸುಮಾ, ಅವತ್ತು ಅವರು ಬಿದ್ದಾಗ ನೀ ಕಾಫಿ ಮಾಡಾಕ ಒಳಗ ಹೋಗಿದ್ದಿಯಲ್ಲಾ ಅಂತ. ದೇವರು ಒಂದು ಅವಕಾಶ ತಾನಾಗಿ ಕೈಗೆ ಕೊಟ್ಟಂತಿತ್ತು. ನಾನು ಹೌದಕ್ಕ ಎಂದೆ. ಅಷ್ಟಕ್ಕೇ ಬಿಡಲಿಲ್ಲ, ಹಾಲು ಉಕ್ಕಿ ಒಲೆಯೆಲ್ಲಾ ಆಗಿತ್ತು ಎಂದು ಹೊಸದಾಗಿ ಸೇರಿಸಿದೆ. ಎರಡು ವರ್ಷದಲ್ಲಿ ಆ ಸುಳ್ಳಿನಲ್ಲಿ ಹಾಲು ಇರಲೇ ಇಲ್ಲ, ಅವತ್ತು ಉಕ್ಕಿತು. ನೀವು ಶರಬತ್ತಿನ ಲೋಟ ಕೆಳಗಿಟ್ಟು, ಹಂಗಾದ್ರ ಆ ಸ್ಟೂಲಿನ ಕಾಲೇ ಖರೆ, ಎಂದಿರಿ.

ಆಟೋದಲ್ಲಿ ಸಿಂಚನಾಳ ಮದುವೆಯ ಮಾತು ಎತ್ತಿದಿರಿ. ಫೆಬ್ರವರಿಯಲ್ಲಿ ನಾನೂ ಇವರೂ ಕೂತು ಧಾರೆ ಎರೆದುಕೊಡಬೇಕು ಎಂದಿರಿ. ಧಾರವಾಡದಲ್ಲಿ ನಿಮ್ಮ ಮೈದುನ ಇದ್ದಾರಲ್ಲ ಎಂದು ನಾನು ತಪ್ಪಿಸಿಕೊಳ್ಳಲು ನೋಡಿದೆ. ನೀವು ಬಿಡಲಿಲ್ಲ. ಆಕಿಗೆ ಜಡಿ ಹಾಕಿ ಬೆಳೆಸಿದಾಕಿ ನೀನು, ನಿನ್ನ ಕೈ ಛಲೋ ಕೈ, ನನ್ನ ಕೈಯಾಗ ಸ್ಟೂಲಿನ ಕಾಲು ಆರು ತಿಂಗಳು ಅಲ್ಲಾಡಿತು, ನಾ ಬಡಿಗ್ಯಾನ್ನ ಕರೀಲಿಲ್ಲ, ಅಪ್ಪನ್ನ ತಿಂದ ಕೈ ಮಗಳ ಮದುವ್ಯಾಗ ಯಾತಕ್ಕೂ ಮುಂದ ಬರಬಾರದು, ಎಂದಿರಿ. ನಾನು ನನ್ನ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಇನ್ನು ಸುತ್ತಿ ಬಳಸಿ ಹೇಳುವುದಿಲ್ಲ. ನಾನು ಅಡುಗೆಮನೆಯಲ್ಲಿ ಇರಲಿಲ್ಲ ಅಕ್ಕ. ಸ್ಟೂಲು ಹಿಡಿದಿದ್ದವಳು ನಾನು.

ಆ ಶನಿವಾರ ಬೆಳಿಗ್ಗೆ ಏನಾಯಿತು ಎಂದು ಬರೆಯುತ್ತೇನೆ. ಕ್ರಿಸ್‌ಮಸ್‌ಗೆ ಇಡೀ ಬೀದಿಯಲ್ಲಿ ಮನೆಮನೆಗೂ ಕಾಗದದ ನಕ್ಷತ್ರ ತೂಗಿದ್ದರು, ನಂಬೂದಿರಿಯವರ ಮನೆಯಲ್ಲೂ. ಗ್ರೀಷ್ಮಾ ನಮಗೂ ಸ್ಟಾರ್ ವೇಣಂ ಎಂದು ಮಲಯಾಳದಲ್ಲೇ ಹಟ ಹಿಡಿದಿದ್ದಳು. ಬಲ್ಬು ತರಲು ಇವರು ಅವಳನ್ನೂ ಕರೆದುಕೊಂಡು ಜಂಕ್ಷನ್ನಿಗೆ ಹೋದರು. ಅವರು ಬರುವಷ್ಟರಲ್ಲಿ ಮಗುವಿಗೆ ಆಶ್ಚರ್ಯವಾಗಬೇಕು ಎಂದು ಭಾವ ಮಹಡಿಯಿಂದ ನಿಮ್ಮ ಸ್ಟೂಲು ಹೊತ್ತು ತಂದರು. ನಮ್ಮ ವರಾಂಡದ ನೆಲ ನೀರು ಹೋಗಲೆಂದು ಹೊರಕ್ಕೆ ಇಳಿಜಾರು. ಅದಕ್ಕೇ ಗಟ್ಟಿ ಹಿಡಕೋ ಎಂದು ನನಗೆ ಹೇಳಿ ಹತ್ತಿದರು.

ನನ್ನ ನಗುವಿನ ಕಥೆ ನಿಮಗೆ ಗೊತ್ತು. ಮುಂದಿನ ಹಲ್ಲು ಉಬ್ಬು ಎಂದು ಪುತ್ತೂರಿನಲ್ಲಿ ಅಮ್ಮ ಚಿಕ್ಕಂದಿನಿಂದ ಕಲಿಸಿದ್ದು, ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿ, ಒಂದು ಕೈ ಸಾಲದಿದ್ದರೆ ಎರಡೂ ಹಿಡಿ ಎಂದು. ಕುಸುಮಾ ನಗೂದು ನೋಡಬೇಕಂದ್ರ ಆಕಿ ಕೈ ಕಟ್ಟಬೇಕು ಎಂದು ಭಾವ ಎಷ್ಟು ಸಲ ಗೇಲಿ ಮಾಡಿಲ್ಲ! ಮೇಲೆ ನಿಂತು ನಕ್ಷತ್ರದ ದಾರ ಕೊಕ್ಕೆಗೆ ಸಿಕ್ಕಿಸುವಾಗ ಅವರು ಒಂದು ತಮಾಷೆ ಮಾಡಿದರು. ನನಗೆ ತಡೆಯಲಾಗದ ನಗು ಬಂತು. ನನ್ನ ಎರಡೂ ಕೈ ಬಾಯಿಗೆ ಹೋಯಿತು.

ಅಷ್ಟೇ. ಮೂರಡಿ ಎತ್ತರ. ರಾಕೆಟ್ಟಿಗೆ ಇಂಧನ ತುಂಬಿಸುವ ಕೆಲಸದಲ್ಲಿ ಇಪ್ಪತ್ತು ವರ್ಷ ಕೂದಲೂ ಕೊಂಕದ ಮನುಷ್ಯ ಮೂರಡಿ ಎತ್ತರದಿಂದ ಬಿದ್ದು, ತಲೆ ಮೆಟ್ಟಿಲ ಕಲ್ಲಿಗೆ ಬಡಿಯಿತು. ಎದುರುಮನೆಯವರು ಓಡಿ ಬಂದು ಎತ್ತಿ ಆಟೋಗೆ ಹಾಕಿದರು. ಆಸ್ಪತ್ರೆ ಐದು ನಿಮಿಷದ ದಾರಿ, ಆದರೂ ಫಲವಾಗಲಿಲ್ಲ. ನೀವು ತಲೆಗೆ ಎಣ್ಣೆ ಹಚ್ಚಿಕೊಂಡಿದ್ದವರು ಹಾಗೇ ಓಡಿಬಂದು ಏನಾತು ಎಂದು ಕೇಳಿದಾಗ, ನಾನು ಕಾಫಿ ಮಾಡಲು ಒಳಗೆ ಹೋಗಿದ್ದೆ ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು. ಅದನ್ನು ನಾನು ಯೋಚಿಸಿ ಕಟ್ಟಿದ್ದಲ್ಲ. ಆದರೆ ಎರಡನೆಯ ದಿನದಿಂದ ಯೋಚಿಸಿಯೇ ಹೇಳಿದ್ದೇನೆ.

ನೀವು ಧಾರವಾಡದವರಿಗೆಲ್ಲ ಹೃದಯಾಘಾತ ಎಂದಿರಿ. ನೆರೆಮನೆಗೆ ನಕ್ಷತ್ರ ಕಟ್ಟಲು ಹೋಗಿ ಸ್ಟೂಲಿನಿಂದ ಬಿದ್ದರು ಎಂದರೆ ಜನ ಮರುಕಪಡುವ ಮುಂಚೆ ನಗುತ್ತಾರೆ ಎಂಬ ಅಂಜಿಕೆ ನಿಮಗೆ. ಆಗ ನಾನು ಒಳಗೊಳಗೇ ಸಮಾಧಾನ ಮಾಡಿಕೊಂಡಿದ್ದೆ, ಅಕ್ಕನೂ ಸುಳ್ಳು ಹೇಳಿದ್ದಾರೆ, ನಾನೂ ಹೇಳಿದ್ದೇನೆ ಎಂದು. ಎಂಥ ಸಮಾಧಾನ ನೋಡಿ. ನಿಮ್ಮ ಸುಳ್ಳು ಅವರ ಮಾನ ಕಾಯಲು, ನನ್ನ ಸುಳ್ಳು ನನ್ನನ್ನು ಕಾಯಲು.

ಇದಕ್ಕಿಂತ ನಾಚಿಕೆಗೇಡಿನದು ಇನ್ನೊಂದಿದೆ. ಸ್ಟೂಲಿನ ಕಾಲು ಅಲ್ಲಾಡುತ್ತಿರಲಿಲ್ಲ. ಹಿಂದಿನ ವಾರವೇ ಭಾವ ಬಡಗಿಯ ಹತ್ತಿರ ಒಯ್ದು ಹೊಸ ಬೆಣೆ ಹೊಡೆಸಿದ್ದರು. ಅವತ್ತು ಹತ್ತುವ ಮುಂಚೆ ಸ್ಟೂಲು ತಲೆಕೆಳಗೆ ಮಾಡಿ ನನಗೆ ತೋರಿಸಿದರು. ಮಂದಾಕಿನಿಗೆ ಹೇಳಬ್ಯಾಡ, ಕಾಲು ಮಾಡಿಸಿಲ್ಲಂತ ಇನ್ನೊಂದೆರಡು ದಿನ ಬೈಲಿ, ಆಕಿಗೂ ಹೊತ್ತು ಹೋಗತದ, ಎಂದು ಕಣ್ಣು ಮಿಟುಕಿಸಿದರು. ಇದು ನನಗೆ ಗೊತ್ತಿತ್ತು. ಕಾಲು ಸಡಿಲ ಇತ್ತು, ನಾನೇ ಕೊಂದೆ ಎಂದು ನೀವು ನೆಲಕ್ಕೆ ತಲೆ ಚಚ್ಚಿಕೊಂಡಾಗ ನಿಮ್ಮ ಬೆನ್ನು ಸವರುತ್ತಾ ಕೂತಿದ್ದವಳು ನಾನು. ಒಂದು ಮಾತು ಹೇಳಿದ್ದರೆ ನಿಮ್ಮ ಭಾರ ಅಲ್ಲಿಗೆ ಇಳಿಯುತ್ತಿತ್ತು. ಆದರೆ ಕಾಲು ಗಟ್ಟಿಯಿತ್ತು ಎಂದರೆ ಮತ್ತೆ ಹೇಗೆ ಬಿದ್ದರು ಎಂದು ಕೇಳುತ್ತಿದ್ದಿರಿ. ನನಗೆ ಆ ಪ್ರಶ್ನೆ ಬೇಡವಾಗಿತ್ತು, ಅದಕ್ಕೆ ನಿಮ್ಮ ಬೆನ್ನು ಸವರಿದೆ.

ಸ್ಟೂಲನ್ನು ಒಡೆದು ಒಲೆಗೆ ಹಾಕಿದೆ ಎಂದು ನಿಮಗೆ ಹೇಳಿದ್ದೆನಲ್ಲ, ಅದೂ ಸುಳ್ಳು. ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ನಿನ್ನೆ ಇವರಿಗೆ ಎಲ್ಲವನ್ನೂ ಹೇಳಿ ಇಳಿಸಿದೆ. ಇವರು ಅದನ್ನು ಒರೆಸಿ, ವರಾಂಡದಲ್ಲಿ ಇಟ್ಟು, ಅದರ ಮೇಲೆ ಬಹಳ ಹೊತ್ತು ಕೂತರು. ಆಮೇಲೆ, ಭಾನುವಾರ ನಾನೇ ಒಯ್ದು ಕೊಡುತ್ತೇನೆ, ಆದರೆ ಕಾಗದ ನೀನೇ ಬರಿ, ಎಂದರು. ಅವರು ತಂದಾಗ ಅವರನ್ನು ಒಳಗೆ ಕರೆಯುವುದು ಬಿಡುವುದು ನಿಮ್ಮ ಇಷ್ಟ. ಸ್ಟೂಲನ್ನು ಮಾತ್ರ ಹಿಡಿದು ಅಲ್ಲಾಡಿಸಿ ನೋಡಿ ಅಕ್ಕ. ಸಿಂಚನಾಳ ಎದುರಿಗೇ ನೋಡಿ.

ನೀವು ಕ್ಷಮಿಸಬೇಕು ಎಂದು ಬರೆಯುತ್ತಿಲ್ಲ. ಹನ್ನೊಂದು ವರ್ಷ ಒಂದೇ ಮೆಟ್ಟಿಲು ಹತ್ತಿಳಿದಿದ್ದೇವೆ, ನನ್ನ ಹೆರಿಗೆಗೆ ಗಂಜಿ ಕೊಟ್ಟವರು ನೀವು, ಅದನ್ನೆಲ್ಲ ಈಗ ನೆನಪಿಸಿದರೆ ಅದೂ ಒಂದು ಉಪಾಯ ಆಗುತ್ತದೆ. ನನಗೆ ಬೇಕಾದದ್ದು ಒಂದೇ. ಮಗಳ ಮದುವೆಯಲ್ಲಿ ನೀವು ಮುಂದೆ ನಿಲ್ಲಬೇಕು. ಧಾರೆಗೆ ಮೈದುನರನ್ನು ಕೂರಿಸಿ, ಆದರೆ ಅವಳ ಕೈ ಹಿಡಿದು ಮಂಟಪಕ್ಕೆ ಕರೆತರುವವರು ನೀವಾಗಿರಬೇಕು. ನಿಮ್ಮ ಕೈಯಲ್ಲಿ ಏನೂ ತಪ್ಪಿಲ್ಲ. ಮದುವೆಗೆ ಬಾ ಎಂದರೆ ಬಂದು ಕೊನೆಯ ಸಾಲಿನಲ್ಲಿ ಕೂರುತ್ತೇನೆ. ಬೇಡ ಎಂದರೆ ಯಾಕೆ ಎಂದು ಕೇಳುವುದಿಲ್ಲ.

ನಿಮ್ಮ ತಂಗಿ ಎಂದು ಬರೆಯಬೇಕಾದ ಜಾಗ ಇದು. ಖಾಲಿ ಬಿಟ್ಟಿದ್ದೇನೆ.

ಕುಸುಮಾವತಿ

ಮರೆತು ಕೊನೆಗೆ ಬರೆಯುತ್ತಿರುವುದಲ್ಲ, ಧೈರ್ಯ ಬರಲೆಂದು ಉಳಿಸಿಕೊಂಡದ್ದು: ಹದಿಮೂರನೆಯ ದಿನ ಎಲ್ಲರೂ ಹೋದ ಮೇಲೆ ನೀವು ನನ್ನ ಕೈ ಹಿಡಿದು, ಕಡೀಕ ಏನರ ಅಂದ್ರೇನು ಕುಸುಮಾ, ಒಳಗಿಂದ ಏನರ ಕೇಳಿಸಿತೇನು, ಎಂದು ಕೇಳಿದಿರಿ. ಏನೂ ಕೇಳಿಸಲಿಲ್ಲ ಎಂದಿದ್ದೆ. ಭಾವ ಸ್ಟೂಲಿನ ಮೇಲೆ ನೆಟ್ಟಗೆ ನಿಂತು, ನಕ್ಷತ್ರ ಎತ್ತಿ ಹಿಡಿದು, ಉಡಾವಣೆಯ ದಿನ ಎಣಿಸುವ ಹಾಗೆ ಗಟ್ಟಿಯಾಗಿ ಹತ್ತು, ಒಂಬತ್ತು, ಎಂಟು ಎಂದು ಎಣಿಸುತ್ತಾ ಬಂದರು. ಮೂರಕ್ಕೆ ಬಂದು ನಿಲ್ಲಿಸಿ, ನನ್ನ ಕಡೆ ಬಗ್ಗಿ, ತಡೀ ತಡೀ, ಮಂದಾಕಿನಿ ಇನ್ನೂ ಹೂಂ ಅಂದಿಲ್ಲ, ಆಕಿ ಹೂಂ ಅನ್ನದ ನಮ್ಮ ಮನ್ಯಾಗ ಯಾವ ರಾಕೆಟ್ಟೂ ಹಾರಿಲ್ಲ, ಎಂದರು. ಹೇಳಿ ಅವರೇ ಮೊದಲು ನಕ್ಕರು. ಎರಡು ವರ್ಷ ಇದನ್ನು ನಾನು ಇಟ್ಟುಕೊಂಡಿದ್ದೆ ಅಕ್ಕ. ಇದು ನಿಮ್ಮದು.