ಹಗಲಲ್ಲಿ ಇಳಿಬಿಟ್ಟ ತಡಿಕೆ

ಸವಾಯಿ ದ್ವೀಪ
ಆಗಸ್ಟ್ ೧೮, ೧೯೯೬, ಭಾನುವಾರ

ಪ್ರೀತಿಯ ತಂಗಿ ಲೇಪೆಕಾಗೆ,

ನಿನ್ನ ಅಕ್ಕ ಅಕೆನೆಸೆ ಮನಸಾರೆ ಮಾಡುವ ಆಶೀರ್ವಾದಗಳು. ಆಕ್ಲೆಂಡಿನ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಬಿಸ್ಕತ್ತು ಕಾರ್ಖಾನೆಯಲ್ಲಿ ಇನ್ನೂ ರಾತ್ರಿ ಪಾಳಿಯೇನಾ? ನಿನ್ನ ಪತ್ರ ಬಂದು ತಿಂಗಳಾಗುತ್ತ ಬಂತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ನೀನು ಕೇಳಿರುವ ವಿಷಯಕ್ಕೆ ಆಮೇಲೆ ಬರುತ್ತೇನೆ. ಮನೆಯಲ್ಲಿ ಬಾಣಂತಿ ಇದ್ದಾಳೆ, ಕೈಗೆ ಬಿಡುವಿಲ್ಲ. ಗಾಬರಿಯಾಗಬೇಡ, ಬಾಣಂತಿ ಎಂದರೆ ಬೆಕ್ಕು.

ಯಾರ ಮನೆಯದೂ ಅಲ್ಲದ ಒಂದು ಬೂದು ಬೆಕ್ಕು. ಮಳೆ ಬಂದಾಗ ಅಡುಗೆ ಗುಡಿಸಲಿನ ಹತ್ತಿರ ಸುಳಿಯುತ್ತಿತ್ತು, ಹತ್ತಿರ ಹೋದರೆ ಬುಸ್ಸೆನ್ನುತ್ತಿತ್ತು. ಹೋದ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಮಸೀನಾ ಓಡಿ ಬಂದು, "ಅಮ್ಮಾ, ಚಾಪೆ ಕೂಗ್ತಿದೆ!" ಎಂದಳು. ನೋಡಿದರೆ ಸುತ್ತಿಟ್ಟ ಮಲಗುವ ಚಾಪೆಗಳ ಹಿಂದೆ ಮಹಾರಾಯಿತಿ ನಾಲ್ಕು ಮರಿ ಹಾಕಿಕೊಂಡು ಮಲಗಿದ್ದಾಳೆ. ಇನ್ನೂ ಕಣ್ಣು ಬಿಟ್ಟಿರಲಿಲ್ಲ, ಒಂದೊಂದೂ ನನ್ನ ಹೆಬ್ಬೆರಳಿಗಿಂತ ತುಸು ದೊಡ್ಡದು. ಇಷ್ಟು ಮನೆಗಳಿರುವ ಊರಿನಲ್ಲಿ ಇವಳಿಗೆ ನಮ್ಮದೇ ಯಾಕೆ ಬೇಕಿತ್ತೋ!

ನಮ್ಮ ಮನೆ ನಿನಗೆ ಗೊತ್ತಲ್ಲ. ಕಂಬ ಇದೆ, ಸೂರಿದೆ, ಗೋಡೆ ಎಲ್ಲಿದೆ? ಕೋಳಿ, ಹಂದಿ, ನೆಂಟರು, ಎಲ್ಲರಿಗೂ ಸುತ್ತ ಎಲ್ಲಿಂದ ಬೇಕಾದರೂ ದಾರಿ. ನಮ್ಮ ಮನೆಯ ಎನಾ ಕೂಡ ಹೆಣ್ಣುಬೆಕ್ಕೇ, ಆದರೂ ಬಾಣಂತಿಯನ್ನು ಕಂಡದ್ದೇ ಬೆನ್ನು ಬಿಲ್ಲು ಮಾಡಿ ಗುರ್ ಎಂದಳು. ಅವಳನ್ನಾದರೂ ಹೇಗೋ ಸಂಭಾಳಿಸಬಹುದು. ಪಾದ್ರಿಯವರ ಮನೆಯ ಹಳದಿ ಗಂಡುಬೆಕ್ಕು ಸಂಸೋನ ಇದ್ದಾನಲ್ಲ, ಮೂರೂ ಹೊತ್ತು ಚರ್ಚಿನ ಅಡುಗೆಮನೆಯ ಮೀನು ತಿಂದು ಕರುವಿನ ಹಾಗೆ ಬೆಳೆದಿದ್ದಾನೆ, ಅವನ ಭಯ ನನಗೆ. ಭಯಪಟ್ಟ ಹಾಗೇ ಆಯಿತು. ನಾನು ಬಾವಿಕಟ್ಟೆಗೆ ಹೋಗಿ ಬರುವುದರೊಳಗೆ ಒಂದು ಮರಿಯ ಕುತ್ತಿಗೆ ಕಚ್ಚಿ ಜಗಲಿಯ ಮೇಲೆ ಬಿಟ್ಟು ಹೋಗಿದ್ದ. ಮಸೀನಾ ಅದನ್ನು ತನ್ನ ಶಾಲೆಯ ಕರ್ಚೀಫಿನಲ್ಲಿ ಸುತ್ತಿ ಹಲಸಿನ ಮರದ ಬುಡದಲ್ಲಿ ಹೂತಳು. ಆವತ್ತು ಊಟ ಮಾಡಲಿಲ್ಲ.

ನನ್ನ ಸಿಟ್ಟು ನಿನಗೆ ಗೊತ್ತೇ ಇದೆ. ಹಿಂದೆ ಮುಂದೆ ನೋಡದೆ, ಸೂರಿನಡಿ ಎತ್ತಿಕಟ್ಟಿದ್ದ ತೆಂಗಿನ ಗರಿಯ ತಡಿಕೆಗಳನ್ನೆಲ್ಲ ಹಗ್ಗ ಸಡಿಲಿಸಿ ಮನೆಯ ಸುತ್ತ ಇಳಿಬಿಟ್ಟೆ. ಅಂಚಿಗೆ ಜಗಲಿಯ ಕಲ್ಲು ಪೇರಿಸಿದೆ. ಎನಾಳನ್ನು ಅಡುಗೆ ಗುಡಿಸಲಿನಲ್ಲಿ ಬುಟ್ಟಿ ಮುಚ್ಚಿ ಕೂರಿಸಿದೆ. ಬೂದು ಬೆಕ್ಕು ಮಲಗಿದ್ದ ಬಟ್ಟೆಯ ಚೂರೊಂದನ್ನು ಅವಳ ಬುಟ್ಟಿಗೆ ಹಾಕಿದೆ, ವಾಸನೆ ಪಳಗಿದರೆ ಜಗಳ ಕಡಿಮೆಯಾಗುತ್ತದೆಂದು. ಬಾಣಂತಿಗೆ ನೀರು, ಊಟ ಎಲ್ಲ ಒಳಗೇ. ಭಾನುವಾರಕ್ಕೆಂದು ಎತ್ತಿಟ್ಟ ಡಬ್ಬಿ ಮೀನೂ ಅವಳಿಗೇ ಹೋಯಿತು. ನಿನ್ನ ಭಾವ ಸೊಲೊಮೋನ ತಟ್ಟೆಯ ಮುಂದೆ ಕೂತು, "ಏನೇ, ನಾನೂ ಒಂದೆರಡು ಮರಿ ಹಾಕಿದ್ರೆ ನಂಗೂ ಮೀನು ಸಿಗುತ್ತಾ?" ಎಂದರು. "ಮೊದ್ಲು ಹಾಕಿ ತೋರ್ಸಿ, ಆಮೇಲೆ ನೋಡೋಣ" ಎಂದೆ. ನಕ್ಕರು, ನನಗೆ ನಗು ಬರಲಿಲ್ಲ. ಗರಿ ಅಲುಗಿದರೂ ಸಂಸೋನನೇ ಬಂದನೆಂದು ಪೊರಕೆ ಹಿಡಿದು ಏಳುತ್ತಿದ್ದೆ.

ಒಂದು ವಿಷಯ ಮರೆತೇಬಿಟ್ಟಿದ್ದೆ ನೋಡು. ಮಳೆ ಗಾಳಿ ಇಲ್ಲದ ಹಗಲಲ್ಲಿ ಯಾರಾದರೂ ತಡಿಕೆ ಇಳಿಬಿಡುತ್ತಾರಾ? ನಾವು ಉಣ್ಣುವುದು, ಮಲಗುವುದು, ಜಗಳವಾಡುವುದು ಎಲ್ಲ ಊರಿನ ಕಣ್ಣೆದುರಿಗೇ. ಮುಚ್ಚಿದ ಮನೆ ಎಂದರೆ ಒಳಗೆ ಯಾರೋ ಸಾಯುತ್ತಿದ್ದಾರೆ, ಇಲ್ಲವೇ ಏನೋ ಬಚ್ಚಿಟ್ಟಿದ್ದಾರೆ ಎಂದೇ ಲೆಕ್ಕ. ಎರಡನೆಯ ದಿನವೇ ಯಾರೋ ಬೆಂದ ಟ್ಯಾರೋ ಗಡ್ಡೆಯ ಬುಟ್ಟಿ ಜಗಲಿಯ ಮೇಲಿಟ್ಟು ಸದ್ದಿಲ್ಲದೆ ಹೋಗಿದ್ದರು. ಮೂರನೆಯ ದಿನ ಪಾದ್ರಿಯಮ್ಮ ಕೋಳಿ ಸಾರು ಹಿಡಿದುಕೊಂಡು, ಪಕ್ಕದ ಮನೆಯ ಸುಲಿಯಾಳನ್ನು ಕರೆದುಕೊಂಡು ಬಂದೇಬಿಟ್ಟರು. ಹೊರಗೇ ನಿಂತು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು. ನಾನು ಓಡಿ ಬಂದು, "ಅಮ್ಮಾ, ಯಾರಿಗೂ ಏನೂ ಆಗಿಲ್ಲ" ಎಂದರೆ ಕೇಳಬೇಕಲ್ಲ!

"ನನ್ನ ಹತ್ರ ಮುಚ್ಚಿಡಬೇಡ ಅಕೆನೆಸೆ. ರೋಗಿ ಎಲ್ಲಿ, ಹಣೆ ಮುಟ್ಟಿ ಪ್ರಾರ್ಥನೆ ಮಾಡ್ತೀನಿ" ಎಂದು ಕಲ್ಲು ಸರಿಸಿ ತಡಿಕೆ ಎತ್ತಿಯೇಬಿಟ್ಟರು. ಅವರ ಉದ್ದ ಲಂಗದ ಹಿಂದಿನಿಂದ ನುಗ್ಗಿದವನು ಯಾರಂತೀಯ? ಸಂಸೋನ! ಯಜಮಾನಿಯ ಹಿಂದೆಯೇ ಬಂದಿದ್ದಾನೆ ಪಾಪಿ.

ಅಯ್ಯೋ ಲೇಪೆಕಾ, ಆಮೇಲೆ ಆದದ್ದನ್ನು ಕೇಳು. ಬೂದು ಬೆಕ್ಕು ಚಾಪೆಯ ಹಿಂದಿನಿಂದ ಚಿಮ್ಮಿ ಅವನ ಮುಖಕ್ಕೇ ಹಾರಿತು. ಸಾರಿನ ಪಾತ್ರೆ ಉರುಳಿತು, ಸುಲಿಯಾ ಕಂಬ ಹಿಡಿದುಕೊಂಡು ಕಿರುಚಿದಳು. ಮಸೀನಾ ಮಾತ್ರ ಮರಿಗಳ ಮೇಲೆ ಬೋರಲು ಬಿದ್ದು ಎರಡೂ ಕೈಯಲ್ಲಿ ಮುಚ್ಚಿಕೊಂಡಳು. ನಾನು ಪೊರಕೆ ತೆಗೆದುಕೊಂಡು ಹೊಡೆದ ಏಟು ಸಂಸೋನನಿಗೂ ಬಿತ್ತು, ಪಾದ್ರಿಯಮ್ಮನ ಕಾಲಿಗೂ ಬಿತ್ತು. ಅವನು ಕಿವಿ ಹರಿಸಿಕೊಂಡು ಓಡಿಹೋದ. ಮರಿಗಳು ಮೂರೂ ಉಳಿದವು. ಮಸೀನಾಳ ಮೊಣಕೈ ತರಚಿತ್ತು, ಈಗ ವಾಸಿಯಾಗಿದೆ.

ಪಾದ್ರಿಯಮ್ಮ ಒಳ್ಳೆಯವರು. ಕಾಲು ಉಜ್ಜಿಕೊಳ್ಳುತ್ತ, "ಇದಕ್ಕಾ ನಾನು ಕೋಳಿ ಕುಯ್ದಿದ್ದು?" ಎಂದು ನಕ್ಕರು. ಸುಲಿಯಾ ನಗಲಿಲ್ಲ. ಅವಳು ಒಂದು ಮಾತಂದಳು, ಅದನ್ನು ಆಮೇಲೆ ಬರೆಯುತ್ತೇನೆ.

ಆ ಗಲಾಟೆಯ ಮೇಲೆ ಬೂದು ಬೆಕ್ಕಿಗೆ ನಮ್ಮ ಮನೆಯ ಮೇಲೆ ನಂಬಿಕೆ ಹೋಯಿತು. ಆವತ್ತು ಮಧ್ಯಾಹ್ನವೇ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಅಂಗಳ ದಾಟಿತು. ಎಲ್ಲಿಗೆ ಹೋಗುತ್ತದೋ, ದಾರಿಯಲ್ಲಿ ನಾಯಿ ಹಿಡಿದರೆ ಏನು ಗತಿ ಎಂದು ನಾನೂ ಮಸೀನಾಳೂ ಹಿಂದೆ ಹಿಂದೆ ಹೋದೆವು. ಹಲಸಿನ ಮರದ ಕೆಳಗೆ ನಿನ್ನ ಭಾವನ ಕೆಟ್ಟ ಪಿಕಪ್ಪು ನಿಂತಿದೆಯಲ್ಲ, ಅದರ ಸೀಟಿನ ಕೆಳಗೆ ಹೊಕ್ಕಿತು. ನೋಡಿದೆಯಾ ಅದರ ಬುದ್ಧಿ! ಇಡೀ ಮನೆಯಲ್ಲಿ ಬಾಗಿಲು ಎಂಬುದು ಇರುವುದು ಅದೊಂದಕ್ಕೇ. ಗಾಳಿಗೆ ಕಿಟಕಿ ಒಂಚೂರು ಇಳಿಸಿ, ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು ತಾಯಿಯನ್ನು ಹೊರಗೆ ಬಿಟ್ಟು ಒಳಗೆ ಸೇರಿಸುವುದು ಈಗ ಮಸೀನಾಳ ಕೆಲಸ. ಮರಿಗಳು ಕಣ್ಣು ಬಿಟ್ಟಿವೆ. ಎನಾ ಬಾನೆಟ್ಟಿನ ಮೇಲೆ ಮಲಗಿರುತ್ತಾಳೆ, ಗುರ್ ಎನ್ನುವುದಿಲ್ಲ. ಸಂಸೋನ ದೂರದಿಂದ ನೋಡಿ ಹೋಗುತ್ತಾನೆ. ಆದರೂ ನನಗೆ ಧೈರ್ಯವಿಲ್ಲ, ದಿನಕ್ಕೆ ಎಷ್ಟು ಸಲ ಹೋಗಿ ಬಗ್ಗಿ ನೋಡುತ್ತೇನೋ.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ಸಂಜೆಯ ಪ್ರಾರ್ಥನೆಯಲ್ಲಿ ದಿನವೂ ನಿನ್ನ ಹೆಸರು ಹೇಳುತ್ತೇವೆ. ನೀನು ನಡೆಯುವ ದಾರಿಯಲ್ಲೆಲ್ಲ ದೇವರು ನಿನಗಿಂತ ಒಂದು ಹೆಜ್ಜೆ ಮುಂದೆ ಇರಲಿ.

ನಿನ್ನ ಅಕ್ಕ,
ಅಕೆನೆಸೆ

ಮರೆತಿದ್ದು: ಮರೆತಿಲ್ಲ, ಬರೆಯಲು ಆಗುತ್ತಿರಲಿಲ್ಲ. ಕ್ರಿಸ್ಮಸ್ಸಿಗೆ ಬಂದು ಮಸೀನಾಳನ್ನು ಕರೆದುಕೊಂಡು ಹೋಗುತ್ತೇನೆ, ಕಳಿಸುತ್ತೀಯಾ ಅಕ್ಕ ಎಂದು ಕೇಳಿದ್ದೀಯ. ಹೆತ್ತವಳು ನೀನು. ಹಾಲು ಕುಡಿಯುವ ಕೂಸನ್ನು ನನ್ನ ಮಡಿಲಿಗೆ ಹಾಕಿ ಹೋದಾಗಲೂ ಅವಳು ನಿನ್ನವಳೇ. ನಿನ್ನ ಭಾವನ ಬಾಯಲ್ಲಿ ಮಾತು ನಿಲ್ಲುತ್ತದಾ, ನಿನ್ನ ಪತ್ರದ ಸುದ್ದಿ ಊರಿಗೆಲ್ಲ ಗೊತ್ತಾಗಿತ್ತು. ಆವತ್ತು ಸುಲಿಯಾ ಮಗುವಿನ ಎದುರಿಗೇ, "ಓ, ಬೆಕ್ಕಿಗಾ ತಡಿಕೆ ಇಳಿಸಿದ್ದು? ಹೆತ್ತೋಳು ಬಂದು ಕರ್ಕೊಂಡು ಹೋಗ್ತಾಳೆ ಅಂತ ಹುಡುಗೀನ ಬಚ್ಚಿಟ್ಟಿದ್ದೀಯ ಅಂತ ಊರೆಲ್ಲ ಹೇಳ್ತಿದೆ" ಎಂದಳು.

ನಮ್ಮಲ್ಲಿ ಅಮ್ಮನ ಅಕ್ಕತಂಗಿಯರೆಲ್ಲ ಅಮ್ಮಂದಿರೇ, ಹೆತ್ತವಳು ಯಾರೆಂದು ಮಸೀನಾ ಕೇಳಿರಲೇ ಇಲ್ಲ. ಮಾರನೆಯ ದಿನ ತಟ್ಟೆ ತೊಳೆಯುತ್ತ ಕೇಳಿದಳು: "ನನ್ನ ಹೆತ್ತಿದ್ದು ಆಕ್ಲೆಂಡ್ ಅಮ್ಮಾನಾ?" ಹೌದು ಎಂದೆ. ತೊಳೆದ ತಟ್ಟೆ ಬೋರಲಿಟ್ಟು, "ಮತ್ತೆ ನನ್ನ ಯಾಕೆ ಬಚ್ಚಿಡ್ತೀಯ? ಆ ಅಮ್ಮ ಏನು ಸಂಸೋನನಾ?" ಎಂದಳು. ಬಚ್ಚಿಟ್ಟಿಲ್ಲ ಕಂದ, ತಡಿಕೆ ಬೆಕ್ಕಿನ ಮರಿಗಳಿಗೆ ಅಂದೆ.

ಮರಿಗಳು ಪಿಕಪ್ಪಿಗೆ ಹೋಗಿ ಎರಡು ವಾರವಾಯಿತು ಲೇಪೆಕಾ. ತಡಿಕೆ ಇನ್ನೂ ಇಳಿದೇ ಇದೆ. ದಿನಾ ಬೆಳಿಗ್ಗೆ ಹಗ್ಗದವರೆಗೂ ಹೋಗುತ್ತೇನೆ, ಎಳೆಯಲು ಆಗುವುದಿಲ್ಲ. ಕಳಿಸುತ್ತೇನೆ, ಬಾ. ಬಂದಾಗ ಹೊರಗೆ ನಿಂತು ಕೂಗಬೇಡ, ನೀನೇ ತಡಿಕೆ ಎತ್ತಿ ಒಳಗೆ ಬಾ.