ಒಂದು ನಿಮಿಷದ ಪರೀಕ್ಷೆಗೆ ಎರಡು ತಾಸು

ಮನೆ, ಮಹಡಿಯ ಕಿಟಕಿ ಪಕ್ಕ
ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ತಮ್ಮಾ,

ಹಾಗಲ್ಲವೋ, ನಿನ್ನೆ ಫೋನಿನಲ್ಲಿ ಅರ್ಧಕ್ಕೇ ನಿಂತ ಮಾತು ಮುಗಿಸುತ್ತೇನೆ. ಈ ವಿಷಯ ಎತ್ತಿದರೆ ನೀನು ಫೋನ್ ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ. ಮೊದಲು ಹೇಳು, ಹೇಗಿದ್ದೀಯ? ಮಂಡಿನೋವು ಹೇಗಿದೆ? ಇಲ್ಲಿಗೆ ಬಾ ಎಂದಾಗಲೆಲ್ಲ ಹೆಚ್ಚುವ ಮಂಡಿನೋವನ್ನೇ ಕೇಳುತ್ತಿದ್ದೇನೆ. ಎರಡು ವರ್ಷವಾಯಿತು ನಿನ್ನ ಮುಖ ನೋಡಿ. ನಿನ್ನೆ ಅರ್ಧ ಗಂಟೆಯಲ್ಲಿ ಮೂರು ಸಲ "ಒಂದ್ನಿಮಿಷ ಇರಣ್ಣ, ಯಾರೋ ಬಾಗಿಲು ಬಡೀತಿದಾರೆ" ಅಂದೆ. ನಿನ್ನ ಮನೆಗೆ ಅಷ್ಟು ಜನ ಬರುವುದಾದರೆ ಸಂತೋಷವೇ. ಆದರೆ ಅದೇ ಸುಳ್ಳು ನಾನೂ ಹೇಳಿದವನು. ಹಾವಿನ ಹೆಜ್ಜೆ ಹಾವಿಗೇ ಗೊತ್ತು.

ರಾತ್ರಿ ಐದು ಸಲ ಬಚ್ಚಲಿಗೆಂದು ಏಳುತ್ತಿದ್ದೆ. ಹೋಗಿ ನಿಂತರೆ ಬರುವುದಿಲ್ಲ, ಬಂದರೆ ಪೂರ್ತಿ ಮುಗಿಯುವುದಿಲ್ಲ. ಸಂಜೆಯ ಚಹಾ ಬಿಟ್ಟೆ, ನೀರು ಬಿಟ್ಟೆ, ಬಸ್ಸು ಹತ್ತುವುದನ್ನೇ ಬಿಟ್ಟೆ. ನಿನ್ನ ಅತ್ತಿಗೆ ಇದ್ದಿದ್ದರೆ ಕಿವಿ ಹಿಡಿದು ಎಳೆದೊಯ್ಯುತ್ತಿದ್ದಳು. ಉರಿ ಶುರುವಾದ ಮೇಲೆ ನಾನೇ ಹೋದೆ. ಮೂತ್ರರೋಗದ ಡಾಕ್ಟರು ಹೆಂಗಸು, ನನ್ನ ಮಗಳ ವಯಸ್ಸು. ಕಾಲೇಜಿನ ಇಂಗ್ಲಿಷ್ ಜ್ಞಾಪಿಸಿಕೊಂಡು "ದೇರ್ ಈಸ್ ಸಮ್ ಡಿಲೇ ಇನ್ ಡಿಪಾರ್ಚರ್" ಎಂದೆ. ಆಕೆ ನಗಲಿಲ್ಲ. "ಮನೇಲಿ ಮಾತಾಡೋ ಹಾಗೇ ಹೇಳಿ ಯಜಮಾನ್ರೇ, ಬೇಗ ಮುಗಿಯತ್ತೆ" ಎಂದಳು. ಮುಗಿಯಿತು.

ಮಾರನೆಯ ದಿನ ಪರೀಕ್ಷೆ. ಒಂದು ಲಾಳಿಕೆಯೊಳಗೆ ಹೊಯ್ದರೆ ಯಂತ್ರ ವೇಗ ಅಳೆಯುತ್ತದೆ, ಅಷ್ಟೆ. ತಡೆದುಕೊಂಡು ಬನ್ನಿ ಎಂದಿದ್ದರು. ನಾನೇನು ಮಾಡಿದೆ ಗೊತ್ತೇ? ಚಪ್ಪಲಿ ಮೆಟ್ಟುವಾಗಲೆಲ್ಲ ಅಮ್ಮ ನಮ್ಮಿಬ್ಬರನ್ನೂ "ಹೋಗ್ಬಂದ್ರೇನ್ರೋ?" ಎಂದು ಕೇಳುತ್ತಿದ್ದಳಲ್ಲ, ಅರವತ್ತು ವರ್ಷದ ಆ ಅಭ್ಯಾಸ ಎಲ್ಲಿ ಹೋಗಬೇಕು? ಬಾಗಿಲು ಹಾಕುವ ಮುಂಚೆ ಹೋಗಿಬಂದೆ. ಖಾಲಿ ಕೊಡ ಹೊತ್ತು ಸಂತೆಗೆ ಹೋದಂತಾಯಿತು. ನರ್ಸಮ್ಮ ಒಂದು ಜಗ್ ನೀರು ಕೈಗಿಟ್ಟು, ಓಣಿಯಂಥ ಕಾರಿಡಾರಿನಲ್ಲಿ ನಡೆದಾಡಿ ಎಂದಳು. ಅಲ್ಲಿ ಆಗಲೇ ಮೂವರು ಗಂಡಸರು ಬಾಟಲಿ ಹಿಡಿದು ಸುತ್ತುತ್ತಿದ್ದರು. ಒಬ್ಬ ಟೈಲರು, ಎದುರಾದಾಗಲೆಲ್ಲ ಬಸ್ಸು ಕಾಯುವವನ ಹಾಗೆ "ಬಂತಾ?" ಎನ್ನುವನು. "ಇನ್ನೂ ಇಲ್ಲ, ನಿಮ್ದು?" ಎನ್ನುವೆನು. ಜನ್ಮದಲ್ಲಿ ಯಾರಿಗೂ ಹೇಳದ್ದನ್ನು ಆ ಎರಡು ತಾಸಿನಲ್ಲಿ ನಾಲ್ಕೂ ಜನ ಹೇಳಿಕೊಂಡೆವು. ಹೊರಗೆ ಬರುವಾಗ ಪರೀಕ್ಷೆಗಿಂತ ಅದರಿಂದಲೇ ಹಗುರವಾಗಿತ್ತು.

ರಕ್ತ ಪರೀಕ್ಷೆ, ಸ್ಕ್ಯಾನ್ ಎರಡೂ ಆಯಿತು. ಫಲಿತಾಂಶ ಬರುವವರೆಗೆ ದೊಡ್ಡ ರೋಗವೇ ಎಂದು ಒಳಗೇ ನಡುಗಿದ್ದೆ. ನೀನೂ ಅದಕ್ಕೇ ಹೆದರಿ ಹೋಗುತ್ತಿಲ್ಲವೆಂದು ನನಗೆ ಗೊತ್ತು. ಅದಲ್ಲವಂತೆ. ಪ್ರಾಸ್ಟೇಟ್ ಗ್ರಂಥಿ ವಯಸ್ಸಿಗೆ ಊದಿ ನಾಳ ಒತ್ತುತ್ತಿದೆ. ನೀರು ಬಿಟ್ಟದ್ದರಿಂದ ಸೋಂಕು ಬೇರೆ ಕೂತಿತ್ತು. ಸೋಂಕಿಗೆ ಒಂದು ವಾರ ಔಷಧಿ, ಗ್ರಂಥಿಗೆ ಮಲಗುವಾಗ ಒಂದು ಮಾತ್ರೆ. ತಲೆ ಸುತ್ತೀತು, ನಿಧಾನ ಏಳಿ ಎಂದಿದ್ದಾರೆ. ಈಗ ರಾತ್ರಿ ಒಂದೇ ಸಲ ಏಳುವುದು. ಸಂಜೆಯ ಚಹಾ ಮತ್ತೆ ಶುರು. ಹೆಲ್ತ್ ಈಸ್ ಅಂತ ಏನೋ ಒಂದು ವಾಕ್ಯವಿತ್ತಲ್ಲ, ಮುಂದಿನದು ಮರೆತೆ

ಅಕ್ಷರ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ಇಲ್ಲಿಗೇ ನಿಲ್ಲಿಸುತ್ತೇನೆ. ನೂರು ವರ್ಷ ಚೆನ್ನಾಗಿ ಬಾಳು, ನೀರು ಕುಡಿದುಕೊಂಡು.

ನಿನ್ನ
ಅಣ್ಣ

ಅವಸರದಲ್ಲಿ ಮತ್ತೊಂದು: ಇಪ್ಪತ್ತಾರನೇ ತಾರೀಖು ಹನ್ನೊಂದಕ್ಕೆ ಆ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಹಿಂದಿನ ದಿನದ ರೈಲಿನ ಟಿಕೆಟ್ ಇದರ ಜೊತೆಗಿದೆ. ಬೋಗಿಯ ಕೊನೆಯ ಸೀಟು, ಪಾಯಿಖಾನೆಯ ಬಾಗಿಲಿಗೆ ಅಂಟಿಕೊಂಡದ್ದು. ಟಿಕೆಟ್ ಕೊಡುವವನು "ಅದೇ ಬೇಕಾ ಯಜಮಾನ್ರೇ?" ಎಂದು ಎರಡು ಸಲ ಕೇಳಿದ. ಅದೇ ಬೇಕು ಅಂದೆ. ಬಾ.