ಫ್ರಿಜ್ಜಿನ ಬಾಗಿಲ ಬಟನ್

ಇಲೊಯಿಲೊ, ಜೂನ್ ೧೪, ಭಾನುವಾರ

ಹೆಬ್ಬೆರಳು ಇನ್ನೂ ನೋಯುತ್ತಿದೆ.

ಸಿಗರೇಟು ಬಿಡುವವರೆಗೆ ಮೊಮ್ಮಗಳನ್ನು ಎತ್ತಿಕೊಳ್ಳಕೂಡದು ಎಂದು ಮಗಳು ಮಾರಿವಿಕ್ ಕಟ್ಟಪ್ಪಣೆ ಮಾಡಿದ್ದಾಳೆ. ಅದಕ್ಕೇ ಸಿಗರೇಟಿನ ಬದಲು ಹಬೆ ಸೇದುವ ಈ ಬ್ಯಾಟರಿ ಸಿಗರೇಟು, ವೇಪ್, ಕಟ್ಟಿದ್ದು. ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಬ್ಯಾಟರಿ, ಕಾಯುವ ಕಾಯಿಲ್, ಮಾವಿನ ಪರಿಮಳದ ದ್ರವ, ವೈರು ಎಲ್ಲ ಕೂರಿಸಿದೆ. ಬಟನ್ ಮಾತ್ರ ಇರಲಿಲ್ಲ. ನನ್ನ ರಿಪೇರಿ ಅಂಗಡಿಯಲ್ಲಿ ಇರುವುದು ಫ್ರಿಜ್ಜಿನ ಬಾಗಿಲ ಬಟನ್. ಅದನ್ನೇ ಹಾಕಿದೆ.

ಇವತ್ತು ಮಗುವಿನ ದೀಕ್ಷಾಸ್ನಾನದ ಊಟ. ಹೊರಡುವ ಮೊದಲು ಕೊನೆಯ ವೈರು ಬೆಸೆದು, ಕೂಡಲೇ ಬಟನ್ ಒತ್ತಿ ನೋಡಿದೆ. ಏನೂ ಆಗಲಿಲ್ಲ. ಬೇಸರದಿಂದ, ಒತ್ತಿದ ಹಾಗೆಯೇ, ಅಂಗಿಯ ಜೇಬಿನಲ್ಲಿ ಕರವಸ್ತ್ರದ ಪಕ್ಕ ಬಿಗಿಯಾಗಿ ತುರುಕಿಕೊಂಡೆ.

ಊಟದ ಮಧ್ಯೆ ಬಾಯಿ ಒರೆಸಲು ಕರವಸ್ತ್ರ ಎಳೆದೆ. ಸ್ವಲ್ಪದರಲ್ಲೇ ಮೈದುನ ನೆಸ್ತೊರ್ ಕೂಗಿದ: "ಭಾವ, ನಿಮ್ಮ ಎದೆಗೆ ಬೆಂಕಿ ಬಿದ್ದಿದೆ!"

ಜೇಬಿನಿಂದ ಮಾವಿನ ಪರಿಮಳದ ಹೊಗೆ. ಒತ್ತಿದೆ, ನಿಂತಿತು. ಬಿಟ್ಟೆ, ಮತ್ತೆ ಎದ್ದಿತು. ಆಗ ಹೊಳೆಯಿತು. ಬಾಗಿಲು ತೆರೆದು ಬಟನ್ ಬಿಟ್ಟಾಗಲೇ ಅಲ್ಲವೇ ಫ್ರಿಜ್ಜಿನ ದೀಪ ಹತ್ತುವುದು! ಒತ್ತಿ ಹಿಡಿದುಕೊಂಡೇ ಊಟ ಮುಂದುವರಿಸಿದೆ.

"ಊರಿನವರೆಲ್ಲ ಸೇದೋಕೆ ಬಟನ್ ಒತ್ತಿದ್ರೆ, ನಮ್ಮೆಜಮಾನ್ರು ಸೇದದೆ ಇರೋಕೆ ಒತ್ತುತ್ತಾರೆ!" ಎಂದಳು ಹೆಂಡತಿ ಪೆರ್ಲಿತಾ. ಪಾದ್ರಿಗಳಿಗೂ ನಗು ತಡೆಯಲಾಗಲಿಲ್ಲ.

ನಗುತ್ತಲೇ ಮಾರಿವಿಕ್ ಮಗುವನ್ನು ನನ್ನತ್ತ ಹಿಡಿದಳು. "ಎತ್ಕೊಳ್ಳಿ ಅಪ್ಪ. ಆದ್ರೆ ಎರಡೂ ಕೈ ಬೇಕು, ನೋಡಿ."

ಅಡುಗೆಮನೆಯ ಕತ್ತರಿ ತರಿಸಿ ಬ್ಯಾಟರಿಯ ವೈರು ಕತ್ತರಿಸಿದೆ. ಮಗು ಅದೇ ಹೆಬ್ಬೆರಳನ್ನು ಹಿಡಿದು ನಿದ್ದೆಹೋಯಿತು.

ಸರಿಯಾದ ಬಟನ್ ಪೇಟೆಯಲ್ಲಿ ಸಿಗುತ್ತದೆ. ಹಾಕುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ನಾಳೆಯೂ ಮಗು ಬರುತ್ತದಂತೆ, ಆಗ ಈ ಬೆರಳು ಅದರ ಮುಷ್ಟಿಗೆ ಬೇಕಲ್ಲ.